ಉಂಗುರದ ಮೇಲೆ ಶೇ. 20, ಏಟಿನಲ್ಲಿ ಶೇ. 8: ಉಳಿದದ್ದು ಎಲ್ಲಿ ಹೋಯಿತು?

ಪ್ರಶ್ನೆ: ಸರ್, ನಾನು ಕಾರವಾರದಲ್ಲಿ ಡಿಪ್ಲೊಮಾ ಓದುತ್ತಿದ್ದೇನೆ. ಮೊಬೈಲ್‌ನಲ್ಲಿ ಒಂದು ಆರ್‌ಪಿಜಿ (ಹೀರೋನ ಬಲ ಬೆಳೆಸುತ್ತಾ ಹೋಗುವ) ಗೇಮ್ ಆಡುತ್ತೇನೆ. ನನ್ನ ಹೀರೋನ ಮೂಲ ಅಟ್ಯಾಕ್ 400. ಕತ್ತಿಯಿಂದ ಶೇ. 70, ಕವಚದ ಸೆಟ್‌ನಿಂದ ಶೇ. 40, ಗಿಲ್ಡ್‌ನಿಂದ (ಆಟಗಾರರ ಗುಂಪು) ಶೇ. 40 ಬೋನಸ್ ಇದೆ. ಸ್ಕ್ರೀನ್‌ನಲ್ಲಿ 1000 ಅಂತ ತೋರಿಸುತ್ತಿತ್ತು. ಚೌತಿಗೆ ಅಜ್ಜ ಕೊಟ್ಟ ದುಡ್ಡಿನಲ್ಲಿ 449 ರೂಪಾಯಿ ಹಾಕಿ ‘ಅಟ್ಯಾಕ್ +20%’ ಉಂಗುರ ತಗೊಂಡೆ. 1200 ಆಗಬೇಕಿತ್ತು. ಆಗಿದ್ದು 1080. ಅಂಕೋಲೆಯ ಮನೆಯಲ್ಲಿರುವ ತಮ್ಮನ ಹೀರೋ ಅಟ್ಯಾಕ್ ಬರೀ 720, ಮೂಲ ಮಾತ್ರ ನನ್ನಷ್ಟೇ. ಆದರೂ ಅದೇ ಬಾಸ್‌ನನ್ನು (ದೊಡ್ಡ ಶತ್ರು) ಅವನು ನನಗಿಂತ ಬೇಗ ಕೊಲ್ಲುತ್ತಾನೆ. ಅವನಿಗೆ ಬೆಂಕಿ ಡ್ಯಾಮೇಜ್ ಶೇ. 50 ಇದೆ. ಅರ್ಧದಷ್ಟು ಏಟುಗಳು ಕ್ರಿಟ್ (ಆಗಾಗ ಬೀಳುವ ಜೋರಿನ ಏಟು) ಆಗುತ್ತವೆ, ಕ್ರಿಟ್ ಆದಾಗ ಶೇ. 50 ಜಾಸ್ತಿ. ನನಗೆ ಅವೆರಡೂ ಇಲ್ಲ. ಹಾಸ್ಟೆಲ್ ಗೆಳೆಯ ‘ಈ ಪರ್ಸೆಂಟ್ ಎಲ್ಲ ಸುಳ್ಳು ಮಾರಾಯ, ಐಟಂ ಬಣ್ಣ ನೋಡಿದ್ರೆ ಸಾಕು’ ಅನ್ನುತ್ತಾನೆ. ಕಂಪನಿಯವರು ಮೋಸ ಮಾಡಿದರಾ? ಎರಡನೇ ಬೆರಳಿಗೂ ಅದೇ ಉಂಗುರ ತಗೊಳ್ಳಲಾ? ಇನ್ನೊಂದು ಸಂಶಯ: ‘ತಾಗುವ ಡ್ಯಾಮೇಜ್ ಶೇ. 25 ಕಡಿಮೆ’ ಅನ್ನುವ ತಾಯಿತ ನಾಲ್ಕು ಹಾಕಿದರೆ ಏಟೇ ತಾಗಬಾರದು ಅಲ್ವಾ? ಹಾಗೆ ಆಗುತ್ತಿಲ್ಲ ಯಾಕೆ?

ಉತ್ತರ: ನೀವು ಅಂಕಿಗಳನ್ನೆಲ್ಲ ಬರೆದು ಕಳಿಸಿದ್ದು ದೊಡ್ಡ ಉಪಕಾರ. ಈ ವಿಷಯದಲ್ಲಿ ನನಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ‘ಸರ್, ಗೇಮ್ ಮೋಸ’ ಅನ್ನುವಲ್ಲಿಗೇ ನಿಲ್ಲುತ್ತವೆ. ನಿಮ್ಮದರಲ್ಲಿ ಲೆಕ್ಕ ಮಾಡಿ ತೋರಿಸಲು ಬೇಕಾದದ್ದೆಲ್ಲ ಇದೆ.

ಮೊದಲು ಚಿಕ್ಕ ಉತ್ತರ. ಲೆಕ್ಕದಲ್ಲಿ ಮೋಸ ಆಗಿಲ್ಲ. ಎರಡನೇ ಉಂಗುರ ಬೇಡ. ತಮ್ಮ ನಿಮಗಿಂತ ಬಲವಾಗಿ ಹೊಡೆಯುತ್ತಿರುವುದು ನಿಜ, ಅದಕ್ಕೆ ಕಾರಣ ಅದೃಷ್ಟ ಅಲ್ಲ. ತಾಯಿತದ ವಿಷಯ ಸ್ವಲ್ಪ ಉದ್ದ, ಕೊನೆಗೆ ಹೇಳುತ್ತೇನೆ.

ನಿಮ್ಮ ಗೊಂದಲ ಇರುವುದು ಇಷ್ಟರಲ್ಲಿ. ಶೇ. 20 ಅಂದಾಗ ನೀವು 1000ದ ಶೇ. 20 ಅಂದುಕೊಂಡಿರಿ. ಗೇಮ್ ಲೆಕ್ಕ ಹಾಕಿದ್ದು 400ರ ಶೇ. 20, ಅಂದರೆ 80. ನಿಮ್ಮ ಕತ್ತಿಯ 70, ಕವಚದ 40, ಗಿಲ್ಡಿನ 40, ಇವು ಮೂರೂ ಒಂದೇ ಜಾತಿಯ ಬೋನಸ್. ಗೇಮ್ ಇವನ್ನು ಮೊದಲು ಕೂಡಿಸುತ್ತದೆ: 150. ಆಮೇಲೆ ಮೂಲದ 400ಕ್ಕೆ ಒಂದೇ ಸಲ ಹಚ್ಚುತ್ತದೆ: 1000. ಉಂಗುರ ಬಂದ ಮೇಲೆ 150 ಇದ್ದದ್ದು 170 ಆಯಿತು. 400ಕ್ಕೆ ಶೇ. 170 ಸೇರಿದರೆ 1080. ಉಂಗುರ ಹೇಳಿದಷ್ಟನ್ನೇ ಕೊಟ್ಟಿದೆ. ಆದರೆ ನೀವು ಆಗಲೇ 1000ದಲ್ಲಿ ಇದ್ದಿರಿ, ಆ ಜಾಗದಿಂದ ನೋಡಿದರೆ 80 ಅನ್ನುವುದು ಶೇ. 8 ಅಷ್ಟೇ.

ನಾನು ಶಿರಸಿಯವನು, ಅಡಿಕೆ ಲೆಕ್ಕದಲ್ಲಿ ಹೇಳಿದರೆ ನನಗೂ ಸುಲಭ. ಗೊಬ್ಬರದಿಂದ ಫಸಲು ಹೋದ ವರ್ಷಕ್ಕಿಂತ ಶೇ. 20 ಜಾಸ್ತಿ ಆಯಿತು ಅನ್ನಿ. ಮದ್ದು ಸರಿಯಾಗಿ ಹೊಡೆದು ಕೊಳೆ ತಪ್ಪಿಸಿದ್ದರಿಂದ, ಅದೇ ಹೋದ ವರ್ಷದ ಲೆಕ್ಕದಲ್ಲಿ, ಇನ್ನೂ ಶೇ. 20 ಉಳಿಯಿತು. ಎರಡೂ ತೂಕದ ಕಡೆಯ ಲಾಭ, ಕೂಡಿದರೆ ಶೇ. 40. ಅದೇ ವರ್ಷ ದರವೂ ಶೇ. 20 ಏರಿತು ಅಂದರೆ ಅದನ್ನು ಈ ನಲವತ್ತಕ್ಕೆ ಸೇರಿಸಿ ಅರವತ್ತು ಅನ್ನುವ ಹಾಗಿಲ್ಲ. ಬೆಳೆದ ಅಷ್ಟೂ ಅಡಿಕೆಗೆ ಹೊಸ ದರ ಸಿಗುತ್ತದೆ. 1.4 × 1.2 = 1.68, ಅಂದರೆ ಆದಾಯ ಶೇ. 68 ಜಾಸ್ತಿ. ತೂಕದ ಸಾಲಿನದು ತೂಕದ ಸಾಲಿಗೆ, ದರದ ಸಾಲಿನದು ದರದ ಸಾಲಿಗೆ. ಒಂದೇ ಸಾಲಿನೊಳಗೆ ಕೂಡುವುದು, ಸಾಲು ಸಾಲಿನ ನಡುವೆ ಗುಣಿಸುವುದು.

ಗೇಮ್ ಮಾಡುವವರು ಈ ಸಾಲುಗಳನ್ನು ಬಕೆಟ್ ಅಂತ ಕರೆಯುತ್ತೇವೆ. ನಾನು ವರ್ಷಗಟ್ಟಲೆ ಮಾಡುತ್ತಿರುವ ಕೆಲಸವೇ ಇದು: ಯಾವ ಬೋನಸ್ ಯಾವ ಬಕೆಟ್‌ಗೆ ಅಂತ ಶೀಟ್‌ನಲ್ಲಿ ಬರೆದು, ಕೊನೆಯ ಅಂಕಿ ಕೈಮೀರದ ಹಾಗೆ ನೋಡಿಕೊಳ್ಳುವುದು. ನಿಮ್ಮ ಗೇಮ್‌ನಂಥವುಗಳಲ್ಲಿ ಸಾಮಾನ್ಯವಾಗಿ ಅಟ್ಯಾಕ್ ಒಂದು ಬಕೆಟ್, ಬೆಂಕಿ-ನೀರು ಇತ್ಯಾದಿ ಡ್ಯಾಮೇಜ್ ಬೋನಸ್ ಇನ್ನೊಂದು, ಕ್ರಿಟ್ ಮತ್ತೊಂದು, ಎದುರಾಳಿಯ ಡಿಫೆನ್ಸ್ ಬೇರೆಯೇ. 2020ರಲ್ಲಿ ಬಂದ ಗೆನ್ಶಿನ್ ಇಂಪ್ಯಾಕ್ಟ್ ಈ ಮಾದರಿಗೆ ಒಳ್ಳೆಯ ಉದಾಹರಣೆ. ಅದರಲ್ಲಿ ಅಟ್ಯಾಕ್ ಶೇಕಡಾ ಹತ್ತುವುದು ಪಾತ್ರ ಮತ್ತು ಆಯುಧದ ಮೂಲ ಅಟ್ಯಾಕ್ ಮೇಲೆ ಮಾತ್ರ. ‘ಅಟ್ಯಾಕ್ +300’ ಅಂತ ಸುಮ್ನೆ ಅಂಕಿಯಾಗಿ ಬರುವುದು ಕೊನೆಯಲ್ಲಿ ಸೇರುತ್ತದೆ, ಶೇಕಡಾ ಅದನ್ನು ಮುಟ್ಟುವುದಿಲ್ಲ. ಈ ಕ್ರಮವೂ ಗೇಮ್‌ನಿಂದ ಗೇಮ್‌ಗೆ ಬೇರೆ. 100 ಅಟ್ಯಾಕ್‌ಗೆ 50 ಮೊದಲು ಸೇರಿಸಿ ಆಮೇಲೆ ಶೇ. 20 ಹಚ್ಚಿದರೆ 180. ಶೇ. 20 ಮೊದಲು ಹಚ್ಚಿ 50 ಆಮೇಲೆ ಸೇರಿಸಿದರೆ 170.

ಈಗ ತಮ್ಮನ ಗುಟ್ಟು ನೋಡೋಣ. ಅವನ ಅಟ್ಯಾಕ್ 720. ಬೆಂಕಿ ಬಕೆಟ್‌ನಲ್ಲಿ ಶೇ. 50, ಹಾಗಾಗಿ 720 × 1.5 = 1080. ಇಲ್ಲಿಗೇ ಅವನು ನಿಮಗೆ ಸಮ ಬಂದ. ಎರಡು ಏಟಿಗೊಂದು ಕ್ರಿಟ್, ಕ್ರಿಟ್ ಆದಾಗ ಶೇ. 50 ಜಾಸ್ತಿ ಅಂದರೆ ಸರಾಸರಿ ಏಟು 1.25 ಪಟ್ಟು. 1080 × 1.25 = 1350. ನಿಮ್ಮದು 1080ರಲ್ಲೇ ನಿಂತಿದೆ. ಅವನು ನಿಮಗಿಂತ ಕಾಲು ಭಾಗ ಜಾಸ್ತಿ ಹೊಡೆಯುತ್ತಾನೆ. ಸ್ಕ್ರೀನ್‌ನಲ್ಲಿ ದೊಡ್ಡದಾಗಿ ಕಾಣುವ ಅಟ್ಯಾಕ್ ಅಂಕಿ ಒಂದು ಬಕೆಟ್‌ನ ಕಥೆ ಮಾತ್ರ ಹೇಳುತ್ತದೆ. ಅದೊಂದನ್ನೇ ನೋಡುತ್ತಾ ಏರಿಸಿಕೊಂಡು ಹೋಗುವವರು ತುಂಬ ಜನ. ಅಂಕಿ ಏರುವುದು ಕಣ್ಣಿಗೆ ಕಾಣುತ್ತದೆ, ಖುಷಿ ಕೊಡುತ್ತದೆ. ಅಂಗಡಿ ಇಟ್ಟವರಿಗೆ ಅದು ಚೆನ್ನಾಗಿ ಗೊತ್ತು.

ಒಟ್ಟು ಶೇ. 200 ಬೋನಸ್ ಹಂಚಲು ಇದೆ ಅಂದುಕೊಳ್ಳಿ. ಎಲ್ಲವನ್ನೂ ಒಂದೇ ಬಕೆಟ್‌ಗೆ ಸುರಿದರೆ 3 ಪಟ್ಟು. ಎರಡು ಬಕೆಟ್‌ಗೆ ನೂರು ನೂರು ಹಾಕಿದರೆ 2 × 2, ಅಂದರೆ 4 ಪಟ್ಟು. ಮೂರಕ್ಕೆ ಸಮ ಹಂಚಿದರೆ ಸುಮಾರು 4.6 ಪಟ್ಟು. ಖರ್ಚು ಅಷ್ಟೇ.

ಹಾಗಾದರೆ ಡಿಸೈನರ್‌ಗಳು ಎಲ್ಲವನ್ನೂ ಗುಣಿಸಿ ಬಿಡಬಹುದಿತ್ತಲ್ಲ, ಸುಮ್ನೆ ಗೊಂದಲ ಯಾಕೆ? ಇದಕ್ಕೆ ಕಾರಣ ಕೆಲಸ ಮಾಡಿದವರಿಗೆ ಚೆನ್ನಾಗಿ ಗೊತ್ತು. ಶೇ. 30 ಕೊಡುವ ಹತ್ತು ಐಟಂ ಇವೆ ಅನ್ನಿ. ಕೂಡಿಸಿದರೆ 4 ಪಟ್ಟು ಬಲ. ಗುಣಿಸಿದರೆ 1.3 ಹತ್ತು ಸಲ, ಹತ್ತಿರ ಹತ್ತಿರ 13.8 ಪಟ್ಟು. ಎಲ್ಲ ಐಟಂ ಇದ್ದವನಿಗೆ ಕಷ್ಟವಾಗುವ ಹಾಗೆ ಬಾಸ್‌ಗೆ ಆರೋಗ್ಯ ಕೊಟ್ಟರೆ, ಮೂರೇ ಐಟಂ ಇದ್ದವನು ಅರ್ಧ ಗಂಟೆ ಕುಟ್ಟುತ್ತಾ ಕೂರಬೇಕು. ಮೂರು ಐಟಂನವನಿಗೆ ಹೊಂದಿಸಿದರೆ, ಹತ್ತು ಇದ್ದವನಿಗೆ ಬಾಸ್ ಕಣ್ಣು ಮಿಟುಕಿಸುವುದರೊಳಗೆ ಸತ್ತಿರುತ್ತಾನೆ. ಮುಂದಿನ ಪ್ಯಾಚ್‌ನಲ್ಲಿ (ಗೇಮ್‌ನ ಅಪ್‌ಡೇಟ್) ಹನ್ನೊಂದನೇ ಐಟಂ ಬಂದಾಗ ಹಳೆಯ ಲೆಕ್ಕವೆಲ್ಲ ಮತ್ತೆ ಕೆಡುತ್ತದೆ. ಕೂಡಿಸುವ ಬಕೆಟ್ ಅಂದರೆ ನಮಗೆ ಒಂದು ಬ್ರೇಕ್. ಗುಣಿಸುವುದನ್ನು ಎಣಿಸಿ ಎಣಿಸಿ ಕೊಡುತ್ತೇವೆ, ಯಾಕೆಂದರೆ ಬೇರೆ ಬೇರೆ ವಸ್ತು ಜೋಡಿಸಿ ನೋಡುವ ಮಜಾ ಇರುವುದೂ ಅಲ್ಲೇ.

ಒಬ್ಬೊಬ್ಬರು ಒಂದೊಂದು ದಾರಿ ಹಿಡಿದಿದ್ದಾರೆ. ಪಾಥ್ ಆಫ್ ಎಕ್ಸೈಲ್‌ನಲ್ಲಿ ‘ಇನ್‌ಕ್ರೀಸ್ಡ್’ ಅಂತ ಬರೆದದ್ದೆಲ್ಲ ಒಂದಕ್ಕೊಂದು ಕೂಡುತ್ತವೆ, ‘ಮೋರ್’ ಅಂತ ಬರೆದ ಪ್ರತಿಯೊಂದೂ ಬೇರೆಯಾಗಿ ಗುಣಿಸುತ್ತದೆ. ಒಮ್ಮೆ ತಿಳಿದರೆ ಐಟಂ ಓದಿದ ಕೂಡಲೇ ಗೊತ್ತಾಗುತ್ತದೆ. ಡಯಾಬ್ಲೊ 4 ಕೂಡ ಗುಣಿಸುವ ಬೋನಸ್‌ಗಳ ಪಕ್ಕ ಗುಣಾಕಾರದ ಗುರುತು ಹಾಕುತ್ತದೆ. 2003ರಲ್ಲಿ ಬಂದ ಈವ್ ಆನ್‌ಲೈನ್‌ನದ್ದು ಇನ್ನೂ ಕಟ್ಟುನಿಟ್ಟು: ಒಂದೇ ಸ್ಟ್ಯಾಟ್ (ಬಲ, ವೇಗದಂಥ ಅಂಕಿ) ಏರಿಸುವ ಎರಡನೇ ಉಪಕರಣ ಹಾಕಿದರೆ ಅದರ ಬಲದ ಸುಮಾರು ಶೇ. 87 ಮಾತ್ರ ಸಿಗುತ್ತದೆ, ಮೂರನೆಯದರಲ್ಲಿ ಶೇ. 57, ನಾಲ್ಕನೆಯದರಲ್ಲಿ ಶೇ. 28. ಐದನೆಯದು ಹಾಕಿದ್ದೂ ಒಂದೇ, ಬಿಟ್ಟಿದ್ದೂ ಒಂದೇ. ಕಾಗದದ ಮೇಲೆ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 3.5 ಆವೃತ್ತಿಯಲ್ಲಿ ಎರಡು ಪಟ್ಟು ಮತ್ತು ಎರಡು ಪಟ್ಟು ಸೇರಿದರೆ ನಾಲ್ಕಲ್ಲ, ಮೂರು ಪಟ್ಟು. ಗಣಿತದ ಮೇಷ್ಟ್ರು ಒಪ್ಪಲಿಕ್ಕಿಲ್ಲ, ಆದರೆ ಆಟಕ್ಕೆ ಅದು ಸರಿಯಾಗಿ ಕೂತಿದೆ. ಪೋಕೆಮಾನ್ ಮಾತ್ರ ಧೈರ್ಯವಾಗಿ ಗುಣಿಸುತ್ತದೆ. ತನ್ನದೇ ಜಾತಿಯ ಏಟಿಗೆ 1.5 ಪಟ್ಟು, ಎದುರಾಳಿಯ ಎರಡೂ ಜಾತಿಗೆ ಆ ಏಟು ಆಗಿಬರದಿದ್ದರೆ 4 ಪಟ್ಟು, ಒಟ್ಟಿಗೆ 6 ಪಟ್ಟು.

ನಿಮ್ಮ ಗೆಳೆಯನ ಮಾತಿಗೆ ಬರೋಣ. ಬಣ್ಣ ನೋಡಿದರೆ ಸಾಕು ಅನ್ನುವುದು ಆಟದ ಮೊದಲ ದಿನಗಳಿಗೆ ಸರಿ. ಬಕೆಟ್‌ಗಳೆಲ್ಲ ಖಾಲಿ ಇರುವಾಗ ಯಾವ ಬೋನಸ್ ಬಂದರೂ ಪೂರ್ತಿ ಸಿಗುತ್ತದೆ, ಬಂಗಾರ ಬಣ್ಣದ ಐಟಂ ನೀಲಿಯದಕ್ಕಿಂತ ಮೇಲೇ. ಮುಂದೆ ಹೋದಂತೆ ಅದು ಸುಳ್ಳಾಗುತ್ತದೆ. ತುಂಬಿದ ಬಕೆಟ್‌ಗೆ ಬಂಗಾರ ಸುರಿಯುವುದಕ್ಕಿಂತ ಖಾಲಿ ಬಕೆಟ್‌ಗೆ ನೀಲಿ ಸುರಿಯುವುದು ಲಾಭ.

ಇದರ ತಿರುವು ಮುರುವಾದ ಇನ್ನೊಂದು ಮೂಢನಂಬಿಕೆ ಇದೆ, ಸ್ವಲ್ಪ ಓದಿಕೊಂಡವರದ್ದು: ‘ಗುಣಿಸುವ ಬೋನಸ್ ಯಾವಾಗಲೂ ಮೇಲು.’ ಹಾಗೇನೂ ಇಲ್ಲ. ನಿಮ್ಮ ಅಟ್ಯಾಕ್ ಬಕೆಟ್‌ನಲ್ಲಿ 150 ಇರುವಾಗ ಶೇ. 40ರ ಉಂಗುರ ಸಿಕ್ಕಿದ್ದರೆ ನಿಜವಾದ ಲಾಭ ಶೇ. 16. ಗುಣಿಸುವ ಶೇ. 10ರ ಐಟಂಗಿಂತ ಅದೇ ಒಳ್ಳೆಯದು. ಗುರುತು ನೋಡಿ ಮರುಳಾಗಬೇಡಿ, ಭಾಗಿಸಿ ನೋಡಿ.

ಕ್ರಿಟ್ ಬಗ್ಗೆಯೂ ಒಂದು ಮಾತು. ‘ಕ್ರಿಟ್ ಸಾಧ್ಯತೆ +10%’ ಅಂದರೆ ಈಗಿರುವ 5 ಹದಿನೈದು ಆಗುತ್ತದೋ, ಅಥವಾ 5ರ ಹತ್ತನೇ ಒಂದು ಭಾಗ ಸೇರಿ 5.5 ಆಗುತ್ತದೋ? ಎರಡೂ ರೀತಿಯ ಗೇಮ್ ಇವೆ. ಹಾಕಿ ನೋಡದೆ ದುಡ್ಡು ಕೊಡಬೇಡಿ.

ಮೋಸವಾ ಅನ್ನುವ ಪ್ರಶ್ನೆಗೆ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಕೂಡಿಸುವುದು ತಪ್ಪಲ್ಲ. ಆದರೆ ದುಡ್ಡಿಗೆ ಮಾರುವ ವಸ್ತುವಿನ ಮೇಲೆ ಶೇ. 20 ಅಂತ ಬರೆದು, ಅದು ಯಾವುದರ ಶೇ. 20 ಅಂತ ಹೇಳದಿರುವುದು ಒಳ್ಳೆಯ ನಡತೆ ಅಲ್ಲ. ‘ಇದನ್ನು ಹಾಕಿದರೆ ನಿಮ್ಮ ಏಟು ಇಷ್ಟಾಗುತ್ತದೆ’ ಅಂತ ಕೊಳ್ಳುವ ಮೊದಲೇ ತೋರಿಸುವುದು ತಾಂತ್ರಿಕವಾಗಿ ಏನೂ ಕಷ್ಟವಿಲ್ಲ. ತೋರಿಸದಿದ್ದರೆ, ತೋರಿಸುವುದು ಬೇಡ ಅಂತ ಯಾರೋ ತೀರ್ಮಾನ ಮಾಡಿದ್ದಾರೆ ಅಂತಲೇ ಅರ್ಥ.

ನೀವು ಈಗ ಏನು ಮಾಡಬಹುದು? ಮೊದಲು ನಾನು ಹೇಳಿದ್ದನ್ನೇ ನಂಬಿಕೊಂಡು ಕೂರದೆ ನಿಮ್ಮ ಗೇಮ್‌ನಲ್ಲಿ ಪರೀಕ್ಷೆ ಮಾಡಿ. ಹೆಚ್ಚಿನ ಗೇಮ್‌ಗಳಲ್ಲಿ ಅಭ್ಯಾಸಕ್ಕೆ ಒಂದು ಗೊಂಬೆ ಇರುತ್ತದೆ. ಬೋನಸ್ ಕೊಡುವುದನ್ನೆಲ್ಲ ಕಳಚಿ ಒಂದೇ ಬಗೆಯ ಏಟು ಹೊಡೆಯಿರಿ, ಅಂಕಿ ಬರೆದುಕೊಳ್ಳಿ. 200 ಬಂತು ಅನ್ನಿ. ಶೇ. 20ರ ಐಟಂ ಒಂದನ್ನೇ ಹಾಕಿದಾಗ 240, ಅದನ್ನು ತೆಗೆದು ಶೇ. 30ರದ್ದು ಹಾಕಿದಾಗ 260. ಈಗ ಎರಡನ್ನೂ ಹಾಕಿ. 300 ಬಂದರೆ ಇವೆರಡೂ ಒಂದೇ ಬಕೆಟ್. 312 ಬಂದರೆ ಬೇರೆ ಬೇರೆ. ಕೆಲವು ಗೇಮ್‌ಗಳಲ್ಲಿ ಒಂದೇ ಏಟಿನ ಅಂಕಿ ಹಿಂದೆ ಮುಂದೆ ಆಗುತ್ತಿರುತ್ತದೆ. ಪೋಕೆಮಾನ್‌ನಲ್ಲಿ ಪ್ರತಿ ಏಟೂ ಶೇ. 85ರಿಂದ 100ರ ನಡುವೆ ಎಲ್ಲಾದರೂ ಬೀಳಬಹುದು. ಅಂಥ ಕಡೆ ಹತ್ತಿಪ್ಪತ್ತು ಏಟಿನ ಸರಾಸರಿ ತೆಗೆಯಿರಿ, ಕ್ರಿಟ್ ಆದದ್ದನ್ನು ಬಿಡಿ. ಪರೀಕ್ಷೆಗೆ ದೊಡ್ಡ ಬೋನಸ್‌ಗಳನ್ನೇ ಬಳಸಿ. ಎರಡು ಮೂರು ಶೇಕಡಾ ಇದ್ದರೆ ದಶಮಾಂಶ ಬಿಟ್ಟು ಪೂರ್ಣ ಸಂಖ್ಯೆ ಮಾಡುವಾಗ ವ್ಯತ್ಯಾಸವೇ ಮುಚ್ಚಿಹೋಗುತ್ತದೆ.

ಎರಡನೇ ಉಂಗುರ ತಗೊಂಡರೆ 1080 ಇದ್ದದ್ದು 1160 ಆಗುತ್ತದೆ, ಶೇ. 7.4 ಲಾಭ. ಮೊದಲಿನದಕ್ಕಿಂತಲೂ ಕಡಿಮೆ. ಇನ್ನೂ 449 ರೂಪಾಯಿ ಕೊಡುವಷ್ಟು ನನಗಂತೂ ಕಾಣುವುದಿಲ್ಲ.

ಅದರ ಬದಲು ಬೆಂಕಿ ಡ್ಯಾಮೇಜ್ ಶೇ. 20ರ ಉಂಗುರ, ಆಡಿ ಗಳಿಸಬಹುದಾದದ್ದೇ, ಸಿಕ್ಕಿದರೆ ಏಟು 1080ರಿಂದ 1296ಕ್ಕೆ ಹೋಗುತ್ತದೆ. ಬರೆದಷ್ಟೂ ಕೈಗೆ ಬರುತ್ತದೆ, ಯಾಕೆಂದರೆ ನಿಮ್ಮ ಆ ಬಕೆಟ್ ಪೂರ್ತಿ ಖಾಲಿ. ಅಪಾಯ ಏನೆಂದರೆ ಬೆಂಕಿ ತಾಗದ ಶತ್ರುಗಳು. ಲಾವಾದಲ್ಲೇ ಹುಟ್ಟಿದ ಬಾಸ್ ಎದುರು ಬಂದರೆ ಆ ಶೇ. 20ಕ್ಕೆ ಬೆಲೆ ಇಲ್ಲ. ಅಟ್ಯಾಕ್ ಉಂಗುರ ಎಲ್ಲ ಕಡೆ ಅಷ್ಟಿಷ್ಟಾದರೂ ಕೆಲಸ ಮಾಡುತ್ತದೆ. ಹಾಗಾಗಿ ಕೊಂಡಿದ್ದನ್ನು ಮಾರುವುದಕ್ಕೂ, ಕರಗಿಸುವುದಕ್ಕೂ ಹೋಗಬೇಡಿ.

ಕ್ರಿಟ್ ದಾರಿ ಹಿಡಿಯುವುದಾದರೆ ಸಾಧ್ಯತೆ ಮತ್ತು ಕ್ರಿಟ್ ಡ್ಯಾಮೇಜ್ ಎರಡನ್ನೂ ಜೊತೆಗೆ ಬೆಳೆಸಬೇಕು. ಸಾಧ್ಯತೆ 5ರಲ್ಲಿ ನಿಂತು ಕ್ರಿಟ್ ಡ್ಯಾಮೇಜ್ ಮಾತ್ರ ಶೇ. 200 ಆದರೆ ಸರಾಸರಿ ಲಾಭ ಶೇ. 10 ಅಷ್ಟೇ. ಗೆನ್ಶಿನ್ ಆಡುವವರು ಒಂದಕ್ಕೆ ಎರಡು ಅನ್ನುವ ಅಳತೆ ಇಟ್ಟುಕೊಳ್ಳುತ್ತಾರೆ, ಸಾಧ್ಯತೆ 50 ಇದ್ದರೆ ಕ್ರಿಟ್ ಡ್ಯಾಮೇಜ್ 100. ಅಲ್ಲಿ ಐಟಂಗಳು ಕೊಡುವ ಪ್ರಮಾಣವೂ ಅದೇ, ಹಾಗಾಗಿ ಹೊಂದುತ್ತದೆ. ಆದರೆ ಕ್ರಿಟ್ ನೆಚ್ಚಿಕೊಂಡರೆ ಒಂದು ಸಲ ಬಾಸ್ ಥಟ್ಟನೆ ಬೀಳುತ್ತಾನೆ, ಇನ್ನೊಂದು ಸಲ ಕ್ರಿಟ್ ಬಾರದೆ ನೀವೇ ಬೀಳುತ್ತೀರಿ.

ಇಂಟರ್ನೆಟ್‌ನಲ್ಲಿ ಆಟಗಾರರೇ ಮಾಡಿಟ್ಟ ಲೆಕ್ಕದ ಶೀಟ್‌ಗಳು ಸಿಗುತ್ತವೆ, ಕೆಲವು ನಾವು ಆಫೀಸಿನಲ್ಲಿ ಬಳಸುವುದಕ್ಕಿಂತ ಚೆನ್ನಾಗಿರುತ್ತವೆ. ಬಳಸಿ, ಆದರೆ ಯಾವ ಪ್ಯಾಚ್‌ನದ್ದು ಅಂತ ಮೊದಲು ನೋಡಿ. ಒಂದು ಬೋನಸ್ ಅನ್ನು ಗುಣಿಸುವ ಕಡೆಯಿಂದ ಕೂಡಿಸುವ ಕಡೆಗೆ ತಳ್ಳಿದರೆ ಇಡೀ ಬಿಲ್ಡ್ (ಐಟಂ, ಬೋನಸ್ ಜೋಡಿಸಿಕೊಂಡ ರೀತಿ) ರಾತ್ರೋರಾತ್ರಿ ಸೊರಗುತ್ತದೆ. ಒಂದೇ ಬಿಲ್ಡ್‌ಗೆ ದುಡ್ಡೆಲ್ಲ ಸುರಿದವರಿಗೆ ಆಗ ಕೇಳುವವರಿಲ್ಲ.

ಇನ್ನು ತಾಯಿತ. ಶೇ. 25 ನಾಲ್ಕು ಸಲ ಕೂಡಿದರೆ 100, ಅಂದರೆ ಯಾರೂ ನಿಮ್ಮನ್ನು ಮುಟ್ಟಲಾರರು, ಆಟ ಅಲ್ಲಿಗೆ ಮುಗಿಯಿತು. ಅದಕ್ಕೇ ರಕ್ಷಣೆಯ ಬೋನಸ್‌ಗಳನ್ನು ಬಹಳಷ್ಟು ಗೇಮ್‌ಗಳು ಗುಣಿಸುತ್ತವೆ. ಮೊದಲ ತಾಯಿತ ಕಳೆದು ಶೇ. 75 ಏಟು ಉಳಿಯಿತು. ಎರಡನೆಯದು ಆ ಉಳಿದದ್ದರಲ್ಲಿ ಕಾಲು ಭಾಗ ಕಳೆಯುತ್ತದೆ. ಹೀಗೆ ನಾಲ್ಕು ಆದ ಮೇಲೆ 0.75 ನಾಲ್ಕು ಸಲ, ಸುಮಾರು ಶೇ. 32 ಏಟು ತಾಗುತ್ತದೆ. ಶೇ. 50 ತಪ್ಪಿಸಿಕೊಳ್ಳುವ ಎರಡು ವಸ್ತು ಇದ್ದರೂ ಹೀಗೇ: ನೂರಲ್ಲ, ಶೇ. 75. ಕೂಡಿಸುವ ಗೇಮ್‌ಗಳು ಎಲ್ಲೋ ಒಂದು ಕಡೆ ಗೆರೆ ಎಳೆಯುತ್ತವೆ. 2011ರ ಸ್ಕೈರಿಮ್‌ನಲ್ಲಿ ಕವಚ ಶೇ. 80ಕ್ಕಿಂತ ಹೆಚ್ಚು ತಡೆಯುವುದಿಲ್ಲ. ಸ್ಕ್ರೀನ್‌ನಲ್ಲಿ 567 ತೋರಿಸಿದ ಮೇಲೆ ಹಾಕಿಕೊಂಡದ್ದೆಲ್ಲ ಬರೀ ಭಾರ. ಗುಂಡು ಹಾರಿಸುವ ಮೊಬೈಲ್ ಗೇಮ್ ಬಿಜಿಎಂಐನ ಮೂರನೇ ಲೆವೆಲ್ ವೆಸ್ಟ್ (ಎದೆಯ ಕವಚ) ಶೇ. 55 ತಡೆಯುತ್ತದೆ, ಹೆಲ್ಮೆಟ್ ಕೂಡ ಶೇ. 55. ಎರಡನ್ನೂ ಕೂಡಿಸಿ 110 ಅನ್ನುವ ಹುಡುಗರನ್ನು ನಾನು ಕಂಡಿದ್ದೇನೆ. ಗುಂಡು ತಲೆಗೆ ಬಿದ್ದರೆ ಹೆಲ್ಮೆಟ್ ಲೆಕ್ಕ, ಎದೆಗೆ ಬಿದ್ದರೆ ವೆಸ್ಟ್ ಲೆಕ್ಕ, ಅವೆರಡು ಸೇರುವುದೇ ಇಲ್ಲ.

ರಕ್ಷಣೆಯ ಶೇಕಡಾ ಜನರನ್ನು ಇನ್ನೊಂದು ರೀತಿಯಲ್ಲೂ ದಾರಿ ತಪ್ಪಿಸುತ್ತದೆ. ಲೀಗ್ ಆಫ್ ಲೆಜೆಂಡ್ಸ್‌ನಲ್ಲಿ 100 ಆರ್ಮರ್ (ರಕ್ಷಣೆಯ ಅಂಕ) ಇದ್ದರೆ ಅರ್ಧ ಏಟು ತಪ್ಪುತ್ತದೆ, 200 ಇದ್ದರೆ ಮೂರರಲ್ಲಿ ಎರಡು ಭಾಗ. ಮೊದಲ ನೂರಕ್ಕೆ ಶೇ. 50, ಮುಂದಿನ ನೂರಕ್ಕೆ ಬರೀ 17 ಅಂತ ಜನ ಕೈಬಿಡುತ್ತಾರೆ. ಎಷ್ಟು ಏಟು ತಿಂದು ನಿಲ್ಲಬಲ್ಲಿರಿ ಅಂತ ನೋಡಿ: 1000 ಆರೋಗ್ಯ ಇದ್ದವನು 100 ಆರ್ಮರ್‌ನಲ್ಲಿ 2000ದಷ್ಟು ತಾಳುತ್ತಾನೆ, 200ರಲ್ಲಿ 3000, 300ರಲ್ಲಿ 4000. ಪ್ರತಿ ನೂರಕ್ಕೂ ಒಂದೇ ಲಾಭ. ಅದೇ ಗೇಮ್‌ನವರು ಸ್ಕಿಲ್ (ವಿಶೇಷ ಶಕ್ತಿ) ಮತ್ತೆ ಬಳಸಲು ಕಾಯುವ ಸಮಯ ತಗ್ಗಿಸುವ ಶೇಕಡಾವನ್ನು 2020ರ ಕೊನೆಯಲ್ಲಿ ತೆಗೆದು ಹಾಕಿದರು, ಬದಲಿಗೆ ಆರ್ಮರ್‌ನಂತೆಯೇ ನಡೆಯುವ ಹೇಸ್ಟ್ ತಂದರು. ಮೊದಲಿನ ಪದ್ಧತಿಯಲ್ಲಿ ಸೊನ್ನೆಯಿಂದ 10ಕ್ಕೆ ಹೋದರೆ ಸ್ಕಿಲ್ ಶೇ. 11 ಹೆಚ್ಚು ಸಲ ಸಿಗುತ್ತಿತ್ತು, 30ರಿಂದ 40ಕ್ಕೆ ಹೋದರೆ ಶೇ. 17. ಇದ್ದವನಿಗೇ ಮತ್ತೆ ಜಾಸ್ತಿ ಸಿಗುತ್ತಿತ್ತು, ಅದಕ್ಕೇ 40ಕ್ಕೆ ಬೇಲಿಯನ್ನೂ ಹಾಕಿದ್ದರು.

ಇದೇ ಅಳತೆಯನ್ನು ನಿಮ್ಮ ತಾಯಿತಕ್ಕೆ ಹಚ್ಚಿ. ಶೇ. 25 ಏಟು ಕಡಿಮೆ ಮಾಡುವ ತಾಯಿತ ಅಂದರೆ ಆರೋಗ್ಯ ಮೂರರಲ್ಲಿ ಒಂದು ಭಾಗ, ಶೇ. 33ರಷ್ಟು, ಏರಿದ ಹಾಗೆ. ನಾಲ್ಕನೆಯದಕ್ಕೂ ಅಷ್ಟೇ ಬಲ, ಸೊರಗಿಲ್ಲ. ಆ ಜಾಗಕ್ಕೆ ಆರೋಗ್ಯದ ತಾಯಿತ ಸಿಕ್ಕಿ, ಅದು ನಿಮ್ಮ ಈಗಿನ ಒಟ್ಟು ಆರೋಗ್ಯವನ್ನು ಶೇ. 33ಕ್ಕಿಂತ ಹೆಚ್ಚು ಏರಿಸಿದರೆ ಅದನ್ನೇ ಹಾಕಿ. ಅದರ ಮೇಲೆ ಶೇ. 40 ಅಂತ ಬರೆದಿದ್ದರೂ ಅದು ಮೂಲ ಆರೋಗ್ಯದ ಲೆಕ್ಕ ಆಗಿರಬಹುದು, ಹಾಗಾಗಿ ಹಾಕುವ ಮೊದಲಿನ ಮತ್ತು ಹಾಕಿದ ಮೇಲಿನ ಅಂಕಿ ಭಾಗಿಸಿ ನೋಡಿ. ಗಿಲ್ಡ್‌ನಲ್ಲಿ ನಿಮ್ಮ ಜೊತೆ ಗಾಯ ವಾಸಿ ಮಾಡುವ ಆಟಗಾರ ಇದ್ದಾನೆ ಅಂದರೆ ಮಾತ್ರ ಹಳೆಯ ತಾಯಿತವೇ ಇರಲಿ. ಅವನು ತುಂಬಿಕೊಡುವ ಪ್ರತಿ ಅಂಕವೂ ಆಗ ಹೆಚ್ಚು ಹೊತ್ತು ಬಾಳಿಕೆ ಬರುತ್ತದೆ.